ಸೆರಗಿನ ಗಂಟಿನಲ್ಲಿ ಮೂರು ಫ್ಯೂಸು

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಹೋದ ವಾರ ಹೆಬ್ಬೆ ಜಲಪಾತಕ್ಕೆ ಹೊರಟಿದ್ದ ಹುಡುಗರ ಗುಂಪಿನ ನಡುವೆ ನುಗ್ಗಿಕೊಂಡು ಕಡೂರು ಬಸ್ಸಿಗೆ ಓಡುತ್ತಿದ್ದೆ. ಆ ಅಂಗಡಿಯಿಂದ ಸುಟ್ಟ ಮೋಟಾರ್ ಕಾಯಿಲ್‌ನ ವಾಸನೆ ಬಂದು ಮೂಗಿಗೆ ಹೊಡೆಯಿತು. ಕಾಲು ಅಲ್ಲೇ ನಿಂತಿತು. ಬಸ್ ಹೋಯಿತು. ಪಕ್ಕದಲ್ಲಿದ್ದ ಹೂವಿನವಳು, "ಯಾಕಮ್ಮಾ, ಯಾರ್ ಮ್ಯಾಲೆ ಹಂಗೆ ಹಲ್ಲು ಕಡೀತಿದ್ದೀಯಾ?" ಎಂದು ಕೇಳಿದಳು. ಮೂರು ವರ್ಷದ ಹಿಂದಿನ ಒಂದು ಆಷಾಢದ ಮೇಲೆ ಎಂದು ಅವಳಿಗೆ ಹೇಳುವುದು ಹೇಗೆ? ಸುಮ್ಮನೆ ಒಂದು ಮೊಳ ಕನಕಾಂಬರ ತೆಗೆದುಕೊಂಡೆ.

ನಾನು ಈ ಸೀಮೆಯ ಐಟಿಐ ಒಂದರಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಕರೆಂಟಿನ ಜೊತೆ ಕೆಲಸ ಮಾಡುವವರಿಗೆ ಸಮಾಧಾನದಿಂದ ಪಾಠ ಹೇಳಿದರೆ ಅವರು ಬದುಕಿ ಉಳಿಯುವುದಿಲ್ಲ ಎಂದು ನಂಬಿದವಳು ನಾನು. ನಿವೃತ್ತಿಯಾಗಿ ಮನೆಯಲ್ಲಿ ಕೂತು ಎರಡು ತಿಂಗಳಾಗಿತ್ತೋ ಇಲ್ಲವೋ, ಲೋಕೇಶ ಬಂದ.

ಲೋಕೇಶ ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಹಿಂದಿನ ಬೆಂಚು, ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗಿಂತ ಮುಂದೆ. ಕಡೂರಿನಲ್ಲಿ ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ತನ್ನ ಪಾಡಿಗೆ ತಾನೇ ಕಂಪ್ಯೂಟರ್ ಕಲಿತು, ಪಂಪ್‌ಸೆಟ್ಟುಗಳಿಗೆ ಆಟೋ ಸ್ಟಾರ್ಟರ್ ತಂತ್ರಾಂಶವೊಂದನ್ನು ಬರೆದಿದ್ದ. ಹೊಲಕ್ಕೆ ತ್ರೀ ಫೇಸ್ ಬಂದ ಕೂಡಲೇ ಮೋಟಾರ್ ತಾನಾಗಿ ಶುರುವಾಗುತ್ತದೆ, ರೈತನ ಮೊಬೈಲಿಗೆ ಮೆಸೇಜು ಹೋಗುತ್ತದೆ. ಅಂಥ ತಂತ್ರಾಂಶವಿರುವ ಸ್ಟಾರ್ಟರ್ ಡಬ್ಬಿಗಳು ಅಂಗಡಿಯಲ್ಲೂ ಸಿಗುತ್ತವೆ. ಇವನದು ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ಬರೆದಿದ್ದನ್ನು ಓದಬಹುದು, ತಿದ್ದಿ ವಾಪಸ್ ಕಳಿಸಬಹುದು. ಒಬ್ಬರು ತಿದ್ದಿ ಕಳಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಟ್ಟರೆ ಮಾತ್ರ ಅದು ಸೇರುತ್ತದೆ. ಯಾರು ತಿದ್ದಿದರು, ಯಾರು ಒಪ್ಪಿದರು ಎನ್ನುವುದು ಅಳಿಸದ ಹಾಗೆ ಉಳಿಯುತ್ತದೆ. ಬೇರೆ ಬೇರೆ ಊರುಗಳ ಏಳೆಂಟು ಜನ ಅವನ ಜೊತೆ ಸೇರಿದ್ದರು. ಅವರಲ್ಲಿ ಮುಕ್ಕಾಲು ಮಂದಿಯನ್ನು ಅವನೇ ಎದುರಿಗೆ ಕಂಡಿರಲಿಲ್ಲ.

"ಮೇಡಂ, ಸಾಫ್ಟ್‌ವೇರ್ ಏನೋ ಆಯ್ತು. ಕೈಪಿಡಿ ಬರೆಯೋರು ಇಲ್ಲ. ನೀವು ಬರ್ಕೊಡ್ಬೇಕು, ಕನ್ನಡದಲ್ಲೇ" ಎಂದ.

ನಾನು ಒಂದು ಷರತ್ತು ಹಾಕಿದೆ. ಬರೆದ ಪ್ರತಿ ಪುಟವನ್ನೂ ರೈತರೊಬ್ಬರು ಪ್ರಯೋಗಕ್ಕೆ ಕೂರಿಸಿದ ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಓದುತ್ತಾ ಕೆಲಸ ಮಾಡಬೇಕು. ಎಲ್ಲಿ ಓದು ನಿಲ್ಲುತ್ತದೋ ಅಲ್ಲಿ ನನ್ನ ಬರವಣಿಗೆ ತಪ್ಪು. ಲೋಕೇಶ ಒಪ್ಪಿಕೊಂಡ. ಆ ಮುಂಗಾರಿನಲ್ಲಿ ನಾನು ಚೀಲದಲ್ಲಿ ಜೆರಾಕ್ಸ್ ಹಾಳೆ, ಕೆಂಪು ಪೆನ್ನು, ಟೆಸ್ಟರು ಹಾಕಿಕೊಂಡು ಕಡೂರು, ತರೀಕೆರೆ, ಅಜ್ಜಂಪುರ ಎಂದು ಸುತ್ತಿದೆ. ಎಮ್ಮೆದೊಡ್ಡಿಯ ಹುಲ್ಲುಗಾವಲಿನ ಕಡೆ ಒಬ್ಬರು ನಾಲ್ಕನೇ ಪುಟ ಓದುತ್ತಿರುವಾಗಲೇ ಒಂದು ಹಸು ಬಂದು ಡಬ್ಬಿಯ ಕಂಬಕ್ಕೆ ಮೈ ಉಜ್ಜಿತು, ಡಬ್ಬಿ ವಾಲಿಕೊಂಡಿತು. "ಇದ್ನೂ ಬರ್ಕೊಳ್ರಿ ಮೇಡಂ, ಕಾವಲಿನ ದನ ಕಂಬ ಕಂಡ್ರೆ ಬಿಡಲ್ಲ" ಎಂದರು. ಬರೆದುಕೊಂಡೆ. ಡಬ್ಬಿಯನ್ನು ದನಕ್ಕೆ ಸಿಗದ ಎತ್ತರದಲ್ಲಿ ಕೂರಿಸಿ ಎಂಬ ಒಂದು ಸಾಲು ಕೈಪಿಡಿಗೆ ಸೇರಿತು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಆ ವರ್ಷದ ಆಷಾಢದ ಗಾಳಿಯನ್ನು ನಾನು ಮರೆಯುವ ಹಾಗಿಲ್ಲ. ಮೋಡ ಬರುತ್ತಿತ್ತು, ನಾಲ್ಕು ಹನಿ ಉದುರಿಸುತ್ತಿತ್ತು, ಗಾಳಿ ಅದನ್ನು ಅಟ್ಟಿಬಿಡುತ್ತಿತ್ತು. ಅಜ್ಜಂಪುರದ ಬಯಲಿನಲ್ಲಿ ನಿಂತರೆ ಮಾತು ಬಾಯಿಂದ ಹೊರಬೀಳುವ ಮೊದಲೇ ಹಾರಿಹೋಗುತ್ತಿತ್ತು. ಲೈನುಗಳು ಒಂದಕ್ಕೊಂದು ತಾಗಿ ಕಿಡಿ ಹಾರಿ, ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಹತ್ತು ಸಲ ಬರುತ್ತಿತ್ತು. ಈರುಳ್ಳಿ ಹಾಕಿದವರು ಆಕಾಶ ನೋಡುವುದನ್ನು ಬಿಟ್ಟು ಟ್ರಾನ್ಸ್‌ಫಾರ್ಮರ್ ನೋಡುತ್ತಿದ್ದರು.

ರುದ್ರಮ್ಮ ಸಿಕ್ಕಿದ್ದು ಆ ಗಾಳಿಯಲ್ಲೇ. ಬುಕ್ಕಾಂಬುಧಿ ಕೆರೆಯ ಆಚೆ ಅವರ ಹೊಲ, ಒಂದೂವರೆ ಎಕರೆ ಈರುಳ್ಳಿ, ಬದುವಿನ ಮೇಲೆ ತೆಂಗು. ನಲವತ್ತರ ಆಸುಪಾಸಿನ ಹೆಂಗಸು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಗಂಡ ಶಿವಣ್ಣ ಒಳ್ಳೆಯವನೇ, ಆದರೆ ತನಗೆ ಗೊತ್ತಿಲ್ಲದ್ದು ಹೆಂಡತಿಗೆ ಗೊತ್ತಿರಲು ಸಾಧ್ಯವಿಲ್ಲ ಎಂಬ ಜಾತಿಯವನು. ಮೋಟಾರಿನ ಉಸ್ತುವಾರಿಯೆಲ್ಲ ರುದ್ರಮ್ಮನದೇ. ನನ್ನ ಓದುಗರಲ್ಲಿ ಅವರಷ್ಟು ಚುರುಕಾದವರು ಇನ್ನೊಬ್ಬರಿರಲಿಲ್ಲ. ಆರು ಪುಟಗಳನ್ನು ತಡೆಯಿಲ್ಲದೆ ಓದಿ, ಏಳನೆಯದರಲ್ಲಿ ನಿಲ್ಲಿಸಿ, ಹಾಳೆ ತಿರುಗಿಸಿ ಹಿಂದೆ ಮುಂದೆ ನೋಡಿದರು.

"ಇದ್ರಾಗೆ ಕಂಡೆನ್ಸರ್ ಮಾತೇ ಇಲ್ವಲ್ಲ ಮೇಡಂ?"

"ಕಂಡೆನ್ಸರ್ ಹಾಕೋದು ತಪ್ಪು ಕಣಮ್ಮಾ. ಇಲಾಖೆಯವರು ಕಂಡ್ರೆ ಕಿತ್ತು ಹಾಕ್ತಾರೆ."

"ತಪ್ಪು ಅಂತ ನಮ್ಗೂ ಗೊತ್ತು. ಅದಿಲ್ದೆ ಈ ಸಾಲಿನಾಗೆ ಯಾರ್ ಮೋಟ್ರು ಓಡುತ್ತೆ ತೋರ್ಸಿ."

ಹೊಲಗಳಿಗೆ ಮೂರು ಫೇಸ್ ಕರೆಂಟು ಬರುವುದು ದಿನದಲ್ಲಿ ಕೆಲವೇ ತಾಸು. ಉಳಿದ ಹೊತ್ತು ಬರುವ ಸಿಂಗಲ್ ಫೇಸಿನಲ್ಲಿ ಈ ಮೋಟಾರು ತಿರುಗಲಾರದು. ಅದಕ್ಕೇ ಜನ ಕಂಡೆನ್ಸರ್ ಹಾಕಿ ತಿರುಗಿಸುತ್ತಾರೆ. ಲೋಕೇಶನ ತಂತ್ರಾಂಶ ಮೂರೂ ಫೇಸ್ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಮೋಟಾರ್ ಶುರುಮಾಡುತ್ತದೆ. ಕಂಡೆನ್ಸರಿನವರು ಮಾಡುವ ಮೊದಲ ಕೆಲಸ ಆ ಪರೀಕ್ಷೆಯನ್ನು ಆಫ್ ಮಾಡುವುದು. ಆಫ್ ಮಾಡಿದ ಮೇಲೆ ಡಬ್ಬಿಗೆ ಯಾವ ಕರೆಂಟಾದರೂ ಒಂದೇ, ಬಂದ ಕೂಡಲೇ ಎಳೆದುಬಿಡುತ್ತದೆ. ಆದರೆ ಜನರ ತಲೆಯಲ್ಲಿ ಇರುವುದೇ ಬೇರೆ: ತ್ರೀ ಫೇಸಿನ ಹೊತ್ತು ಆಗುವ ತನಕ ಡಬ್ಬಿ ತಾನಾಗಿ ಮೋಟಾರು ಶುರುಮಾಡುವುದಿಲ್ಲ, ಅಲ್ಲಿಯವರೆಗೆ ಡಬ್ಬಿ ಬಿಚ್ಚಿದರೂ ಭಯವಿಲ್ಲ. ಇದು ನನಗೆ ಹೊಳೆದದ್ದೇ ರುದ್ರಮ್ಮನ ಹೊಲದಲ್ಲಿ ನಿಂತು.

"ನೀವು ಡಬ್ಬಿ ಬಿಚ್ಚೋವಾಗ ಏನ್ಮಾಡ್ತೀರಾ?" ಎಂದು ಕೇಳಿದೆ.

"ನಾನಾ? ಮೂರು ಫ್ಯೂಸೂ ಕೀಳ್ತೀನಿ. ಕಿತ್ತು ಸೆರಗಿಗೆ ಗಂಟು ಹಾಕ್ಕೊತ್ತೀನಿ. ಅಲ್ಲೇ ಮ್ಯಾಗೆ ಇಟ್ರೆ ಯಾರಾದ್ರೂ ಬಂದು ಸಿಗಿಸ್ಬಿಡ್ತಾರೆ. ಕೆಲ್ಸ ಮುಗಿಯೋಗಂಟ ಫ್ಯೂಸು ನನ್ ಮೈಮ್ಯಾಲೇ ಇರ್ಬೇಕು. ಗಂಡಸ್ರು ಜೇಬಿನಾಗೆ ಇಟ್ಕಳ್ಳಿ, ಯಾರ್ ಬ್ಯಾಡ ಅಂದ್ರು?"

ಇಪ್ಪತ್ತೆರಡು ವರ್ಷ ನಾನು ಹುಡುಗರಿಗೆ ಇಂಗ್ಲಿಷ್ ಪುಸ್ತಕ ನೋಡಿ ಹೇಳಿಕೊಟ್ಟ ಸುರಕ್ಷತೆಯ ಪಾಠ ಇದೇ. ಮೇನ್ ಸ್ವಿಚ್ಚಿಗೆ ಬೀಗ ಹಾಕು, ಕೀಲಿ ನಿನ್ನ ಹತ್ತಿರವೇ ಇಟ್ಟುಕೋ. ರುದ್ರಮ್ಮನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂದೇ ಬದುವಿನ ಮೇಲೆ ಕೂತು, ಹಾರಿಹೋಗುವ ಹಾಳೆಯನ್ನು ಮೊಣಕಾಲಿನಲ್ಲಿ ಒತ್ತಿಹಿಡಿದು ಆ ಪುಟ ಬರೆದೆ. ಪರೀಕ್ಷೆ ಆಫ್ ಮಾಡಿದ್ದರೆ ಯಾವ ಕರೆಂಟು ಬಂದರೂ ಮೋಟಾರು ತಾನೇ ಶುರುವಾಗುತ್ತದೆ. ಮುಚ್ಚಳ ತೆಗೆಯುವ ಮೊದಲು ಮೂರೂ ಫ್ಯೂಸು ಕಿತ್ತು ಸೆರಗಿಗೆ ಗಂಟು ಹಾಕಿ, ಇಲ್ಲವೇ ಜೇಬಿನಲ್ಲಿಡಿ. ಕಂಡೆನ್ಸರ್ ಇದ್ದರೆ ಫ್ಯೂಸು ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಕೂಡಲೇ ಮುಟ್ಟಬೇಡಿ. ರುದ್ರಮ್ಮ ಗಟ್ಟಿಯಾಗಿ ಓದಿದರು. ಎಲ್ಲೂ ನಿಲ್ಲಲಿಲ್ಲ.

ಆಮೇಲಿನ ಭಾನುವಾರ ಕಡೂರಿನಲ್ಲಿ ಸಭೆ. ಬೀಜ ಗೊಬ್ಬರದ ಅಂಗಡಿಯ ಮೇಲಿನ ಕೋಣೆ, ಲೋಕೇಶ ಮತ್ತು ನಾನು, ಗೋಡೆಯ ಮೇಲಿನ ಪರದೆಯಲ್ಲಿ ವಿಡಿಯೊ ಕಾಲ್‌ಗೆ ಬಂದ ಉಳಿದವರ ಮುಖಗಳು. ಆ ಪುಟವನ್ನು ತೆಗೆಯಬೇಕು ಎಂದು ದೂರದ ಊರಿನ ಸದಸ್ಯರೊಬ್ಬರು ತಿದ್ದುಪಡಿ ಕಳಿಸಿದ್ದರು. ಕಾರಣ ಒಂದೇ ಸಾಲು: ಪ್ರಾದೇಶಿಕ ಅಭ್ಯಾಸಗಳು ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪ್ತಿಯಂತೆ! ಅದೇ ಕೈಪಿಡಿಯಲ್ಲಿ ನಮ್ಮ ಗುಂಪಿನ ಲಾಂಛನದಲ್ಲಿರುವ ಎಲೆ ಯಾವ ಹಸಿರಿನಲ್ಲಿರಬೇಕು, ಯಾವ ಹಸಿರಿನಲ್ಲಿರಬಾರದು ಎನ್ನುವುದಕ್ಕೆ ಒಂದೂವರೆ ಪುಟ ಕೊಟ್ಟಿದ್ದರು. ಎಲೆಯ ಬಣ್ಣ ವ್ಯಾಪ್ತಿಗೆ ಬರುತ್ತದೆ. ಮನುಷ್ಯನ ಕೈ ಬರುವುದಿಲ್ಲ. ಸೆರಗು ಎಂಬ ಮಾತು ಬಂದಾಗ ಒಬ್ಬರು ನಕ್ಕರು. ಕೆಟ್ಟ ನಗುವಲ್ಲ, ಮುದ್ದಾಗಿದೆ ಎನ್ನುವ ನಗು. ಅದೇ ನನಗೆ ಹೆಚ್ಚು ಉರಿ ಹತ್ತಿಸಿತು.

ಲೋಕೇಶ ನನ್ನ ಪರ ನಿಲ್ಲುತ್ತಾನೆ ಎಂದುಕೊಂಡಿದ್ದೆ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಕಂಡೆನ್ಸರ್ ಬಗ್ಗೆ ಬರೆದ್ರೆ ನಾವೇ ಹಾಕ್ಕೊಳ್ಳಿ ಅಂದಂಗೆ ಆಗುತ್ತೆ. ನಾಳೆ ಇಲಾಖೆಯವರು ಹಿಡ್ಕೊಂಡು ಕೇಳಿದ್ರೆ? ಸಾಫ್ಟ್‌ವೇರ್ ಏನ್ ಮಾಡುತ್ತೆ ಅನ್ನೋದಷ್ಟೇ ಪುಸ್ತಕದಲ್ಲಿರ್ಬೇಕು. ಜನ ಏನೇನ್ ಮಾಡ್ತಾರೆ ಅನ್ನೋದೆಲ್ಲ ಹಾಕೋಕಾಗಲ್ಲ."

"ಕೈಯಿಟ್ಟವನನ್ನ ಹೊಡೆಯೋದು ನಿನ್ ಸಾಫ್ಟ್‌ವೇರೇ ಕಣೋ. ಅದೂ ಅದು ಮಾಡೋ ಕೆಲ್ಸಾನೇ ತಾನೇ?"

"ದುರಸ್ತಿಗೆ ಮುಂಚೆ ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಅಂತ ಮೊದಲ್ನೇ ಪುಟದಲ್ಲೇ ಇದೆಯಲ್ಲ ಮೇಡಂ."

ಇತ್ತು. ಮಿಕ್ಸಿಯ ಪುಸ್ತಕದಲ್ಲೂ ಅದು ಇರುತ್ತದೆ, ಇಸ್ತ್ರಿ ಪೆಟ್ಟಿಗೆಯ ಪುಸ್ತಕದಲ್ಲೂ ಇರುತ್ತದೆ. ಯಾರನ್ನೂ ಕಾಪಾಡದ, ಬರೆದವರನ್ನು ಮಾತ್ರ ಕಾಪಾಡುವ ಸಾಲು ಅದು. ಎರಡು ತಾಸು ಕೂಗಾಡಿದೆ. ಸಂಜೆಯಾಯಿತು. ಮರುದಿನವೇ ಮೊದಲ ಆವೃತ್ತಿ ಹೊರಬರಬೇಕಿತ್ತು, ಈರುಳ್ಳಿ ಹೊಲದವರು ಡಬ್ಬಿಗೆ ಕಾಯುತ್ತಿದ್ದರು. ಮುಂದಿನ ಆವೃತ್ತಿಯಲ್ಲಿ ಬೇರೆ ರೀತಿ ಸೇರಿಸೋಣ ಎಂದು ಲೋಕೇಶ ಕೈಮುಗಿದ. ಅವನು ಮುಂದಿಟ್ಟ ಮುಖಪುಟದಲ್ಲಿ ಬರಹ ಎಂದು ನನ್ನ ಒಬ್ಬಳ ಹೆಸರೇ ಇತ್ತು, ದಪ್ಪ ಅಕ್ಷರದಲ್ಲಿ. ಅದು ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಪುಟ ತೆಗೆಯುವುದಕ್ಕೆ ಒಪ್ಪಿಗೆ ಎಂಬ ಗುಂಡಿಯನ್ನು ನಾನೇ ಒತ್ತಿದೆ. ಸಿಟ್ಟಿನಲ್ಲಿ ಒತ್ತಿದೆ, ಆದರೂ ಒತ್ತಿದೆ.

ಕೈಪಿಡಿ ಅಚ್ಚಾಗಿ ಬಂತು. ಪ್ಲಾಸ್ಟಿಕ್ ಹೊದಿಕೆ ಹಾಕಿ, ದಾರ ಪೋಣಿಸಿ, ಪ್ರತಿ ಡಬ್ಬಿಯ ಪಕ್ಕ ಮೊಳೆಗೆ ನೇತುಹಾಕುವಂತೆ ಮಾಡಿದ್ದೆವು. ರುದ್ರಮ್ಮನ ಹೊಲಕ್ಕೆ ನಾನು ಹೋಗಲಿಲ್ಲ. ಅವರ ಪುಟ ತೆಗೆದಿದ್ದೇವೆ ಎಂದು ಹೇಳಲೂ ಇಲ್ಲ. ಯಾವ ಮುಖ ಹೊತ್ತುಕೊಂಡು ಹೇಳುವುದು ಎಂದು ಸುಮ್ಮನಾದೆ. ಡಬ್ಬಿ ಕೂರಿಸುವ ಹುಡುಗರ ಕೈಯಲ್ಲಿ ಪುಸ್ತಕ ಕಳಿಸಿದೆ.

ಇಪ್ಪತ್ತು ದಿನ ಕಳೆದಿರಬಹುದು. ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಶಿವಣ್ಣನಿಗೆ ಕರೆಂಟು ಹೊಡೆದಿದೆ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ನಾನು ಹೋಗುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಿದ್ದರು. ಜೀವಕ್ಕೆ ಅಪಾಯವಿಲ್ಲ, ಬಲಗೈಯ ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ರುದ್ರಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಕಾಲಿನಲ್ಲಿ ಹೊಲದ ಮಣ್ಣು ಹಾಗೇ ಇತ್ತು. ಸೀರೆಗೆ, ಕೂದಲಿಗೆ ಸುಟ್ಟ ವೈರಿನ ವಾಸನೆ ಅಂಟಿಕೊಂಡಿತ್ತು. ನಮ್ಮ ಪುಸ್ತಕ ಮಡಿಲಲ್ಲಿತ್ತು.

ನನ್ನನ್ನು ಕಂಡು ಅವರು ಅಳಲಿಲ್ಲ. ಕೇಳುವ ಮೊದಲೇ ಹೇಳತೊಡಗಿದರು.

"ಬೆಳಿಗ್ಗೆ ಗಾಳಿಗೆ ಲೈನ್ ಹೋಗಿತ್ತು ಮೇಡಂ. ಕಂಡೆನ್ಸರ್ ವೈರು ಸಡ್ಲಾಗಿದೆ, ಸರಿ ಮಾಡ್ತೀನಿ ಅಂತ ಡಬ್ಬಿ ಬಿಚ್ಚಿದ್ರು. ನಾನು ಕಳೆ ಕೀಳ್ತಿದ್ದೆ. ಫ್ಯೂಸ್ ಕಿತ್ಕಳ್ರಿ, ಫೇಸ್ ಚೆಕ್ಕು ಆಫ್ ಮಾಡೈತೆ, ಯಾವ್ ಕರೆಂಟ್ ಬಂದ್ರೂ ಎಳೀತದೆ ಅಂತ ಕೂಗಿ ಹೇಳ್ದೆ. ತ್ರೀ ಫೇಸ್ ಬರೋದು ಎರಡು ಗಂಟೆಗೆ, ನೀನೇನ್ ಇಂಜಿನಿಯರಾ ಅಂದ್ರು. ಮೇಡಂ ಬರ್ಕೊಂಡು ಹೋಗವ್ರೆ, ಪುಸ್ತಕದಾಗೆ ಐತೆ ಅಂದೆ. ಇದ್ರೆ ತೋರ್ಸು ಅಂದ್ರು."

ಅವರು ಮಡಿಲಲ್ಲಿದ್ದ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

"ಕೈ ಒರೆಸ್ಕೊಂಡು ಬಂದು ಪುಸ್ತಕ ತಗೊಂಡೆ. ಮೊದ್ಲಿಂದ ಹುಡುಕ್ದೆ. ಎಲೆ ಬಣ್ಣದ್ದೆಲ್ಲ ಐತೆ, ನಾನ್ ಹೇಳಿದ್ದು ಇಲ್ಲ. ಮಿಸ್ಸಾಯ್ತೇನೋ ಅಂತ ಹಿಂದಿನಿಂದ ತಿರುವ್ತಾ ಬಂದೆ. ನಾನು ಪುಟ ತಿರುವ್ತಾ ಇದ್ದಂಗೇ ಕರೆಂಟ್ ಬಂದ್ಬಿಡ್ತು ಮೇಡಂ."

ಗುದ್ದಲಿಯ ಕಾವಿನಿಂದ ಗಂಡನ ಕೈಗೆ ಹೊಡೆದು ಬಿಡಿಸಿದವರು ಅವರೇ. ಅದನ್ನು ಅವರು ಹೇಳಲಿಲ್ಲ, ಜೊತೆಗೆ ಬಂದಿದ್ದ ಪಕ್ಕದ ಹೊಲದವರು ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಲೋಕೇಶನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿದ ಮೇಲೆ ನನ್ನನ್ನೇ ಬೈದುಕೊಳ್ಳುವುದು ಉಳಿದಿತ್ತು.

ಶಿವಣ್ಣ ಮನೆಗೆ ಬಂದ. ಊರಿನಲ್ಲಿ ಮಾತು ಶುರುವಾಗಿತ್ತು. ಗಂಡ ಕರೆಂಟಿಗೆ ಕೈಹಾಕಿದಾಗ ಇವಳು ಪುಸ್ತಕ ಓದುತ್ತಾ ನಿಂತಿದ್ದಳಂತೆ. ಮೊದಲೇ ಹೇಳಿದ್ದೆ ಅನ್ನುವುದೆಲ್ಲ ಆಮೇಲೆ ಕಟ್ಟಿದ್ದು, ಗೊತ್ತಿದ್ದರೆ ಪುಸ್ತಕದಲ್ಲಿ ಯಾಕಿರಲಿಲ್ಲ? ಅತ್ತೆ ಹಾಗಂದರು, ಓರಗಿತ್ತಿ ಹಾಗಂದಳು. ಶಿವಣ್ಣ ಯಾವುದಕ್ಕೂ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವನು ಬಾಯಿ ಬಿಡದೇ ಇದ್ದದ್ದೇ ಊರಿಗೆ ಸಾಕ್ಷಿಯಾಯಿತು.

ಮುಂದಿನ ಭಾನುವಾರ ರುದ್ರಮ್ಮ ಕಡೂರಿಗೇ ಬಂದರು. ಅಜ್ಜಂಪುರದಲ್ಲಿ ರೈಲು ಹತ್ತಿ, ದಾರಿ ಕೇಳಿಕೊಂಡು, ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಗೋಡೆಯ ಮೇಲೆ ಅವೇ ಮುಖಗಳು. ಪುಟವನ್ನು ವಾಪಸ್ ಸೇರಿಸುವುದಕ್ಕೆ ಈಗ ಯಾರ ತಕರಾರೂ ಇರಲಿಲ್ಲ. ಎಲ್ಲಿ ಸೇರಿಸಬೇಕು, ತೊಂದರೆ ಪರಿಹಾರದಲ್ಲೋ ಎಚ್ಚರಿಕೆಯಲ್ಲೋ ಎಂದು ಚರ್ಚೆ ನಡೆದಿತ್ತು. ಲೋಕೇಶ ಎದ್ದು ತನ್ನ ಕುರ್ಚಿ ಕೊಟ್ಟ. ಅವರು ಕೂರಲಿಲ್ಲ.

"ಪುಟ ಎಲ್ಲಾದ್ರೂ ಹಾಕ್ಕಳ್ರಪ್ಪಾ. ನಂಗೆ ಇನ್ನೊಂದ್ ಸಾಲು ಬೇಕು. ಇದ್ನ ನಾನು ಮೊದ್ಲೇ ಹೇಳಿದ್ದೆ, ನೀವು ತೆಗೆದ್ರಿ ಅಂತ ಬರೀರಿ. ಇಲ್ದಿದ್ರೆ ಹೊಸಾದು ಬಂತು, ಅಪಘಾತ ಆದ್ಮೇಲೆ ಸೇರ್ಸವ್ರೆ ಅಂತಾರೆ. ನನ್ ಮಾತು ಸುಳ್ಳಾಗೇ ಉಳೀತದೆ."

ಗೋಡೆಯ ಮೇಲಿನ ಮುಖವೊಂದು ಬಹಳ ವಿನಯದಿಂದ ಹೇಳಿತು: ತೆಗೆದದ್ದು, ಸೇರಿಸಿದ್ದು ಎಲ್ಲವೂ ಬದಲಾವಣೆಗಳ ದಾಖಲೆಯಲ್ಲಿ ಇದ್ದೇ ಇದೆ, ಯಾರು ಬೇಕಾದರೂ ನೋಡಬಹುದು; ಆ ಮಾಹಿತಿ ಕೈಪಿಡಿಗೆ ಸೇರುವುದಿಲ್ಲ.

ಅವತ್ತು ನಾನು ಮೇಜು ಗುದ್ದಿದ ಸದ್ದಿಗೆ ಕೆಳಗಿನ ಅಂಗಡಿಯವರು ಮೇಲೆ ಬಂದರು. "ಬುಕ್ಕಾಂಬುಧಿಯ ಹೊಲದಲ್ಲಿ ನಿಂತು ಯಾರ್ರೀ ನಿಮ್ಮ ಬದಲಾವಣೆಯ ದಾಖಲೆ ತೆಗೆದು ನೋಡ್ತಾರೆ? ಇವರ ಅತ್ತೆ ನೋಡ್ತಾರಾ?" ಎಂದೆ. ರುದ್ರಮ್ಮ ನನ್ನ ಕೂಗಾಟಕ್ಕೆ ಸೊಪ್ಪು ಹಾಕಲಿಲ್ಲ. ಅವರು ಲೋಕೇಶನನ್ನೇ ನೋಡುತ್ತಿದ್ದರು.

"ತೆಗೀಬಹುದು ಅಂತ ಒಪ್ಪಿದ್ದು ಯಾರಪ್ಪಾ?"

ಲೋಕೇಶ ನೆಲ ನೋಡಿದ. "ಎಲ್ರೂ ಸೇರಿ ತೀರ್ಮಾನ ಮಾಡಿದ್ದು ಅಮ್ಮಾ" ಎಂದ. ನನ್ನನ್ನು ಉಳಿಸಲು ನೋಡಿದ, ಪಾಪ. ನಾನು ಸುಮ್ಮನಿದ್ದಿದ್ದರೆ ಆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.

"ನಾನು ರುದ್ರಮ್ಮಾ" ಎಂದೆ. "ಒಪ್ಪಿದ್ದು ನಾನು."

ಅವರು ನನ್ನ ಕಡೆ ತಿರುಗಿದರು. "ನಿಮ್ ಮುಂದೇನೇ ಓದಿದ್ನಲ್ಲ ಮೇಡಂ" ಎಂದರು. ಅಷ್ಟೇ. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ಆ ಸಾಲನ್ನು ಅಲ್ಲೇ ಕೂತು ನಾನೇ ಬರೆದೆ. ಈ ಪುಟದ ಮಾತು ರುದ್ರಮ್ಮನವರದು. ಮೊದಲ ಆವೃತ್ತಿ ಅಚ್ಚಾಗುವ ಮೊದಲೇ ಅವರು ಇದನ್ನು ಹೇಳಿದ್ದರು. ನಾವು ತೆಗೆದೆವು. ತೆಗೆಯಲು ಒಪ್ಪಿಗೆ ಕೊಟ್ಟವಳು ನಾನು. ಕೆಳಗೆ ನನ್ನ ಹೆಸರು ಹಾಕಿದೆ. ಲೋಕೇಶ ಒಪ್ಪಿಗೆ ಕೊಟ್ಟ. ಲಾಂಛನದ ಒಂದೂವರೆ ಪುಟವನ್ನು ಅವನೇ ಕಿತ್ತುಹಾಕಿದ. ಇಂದಿಗೂ ಹೊಸಬರು ಯಾರಾದರೂ ಆ ಸಾಲು ಕೈಪಿಡಿಗೆ ಒಪ್ಪುವುದಿಲ್ಲ ಎಂದು ತಿದ್ದುಪಡಿ ಕಳಿಸುತ್ತಾರೆ. ಇಂದಿಗೂ ನಾನು ತಿರಸ್ಕರಿಸುತ್ತೇನೆ. ಕಾರಣ ಕೇಳಿದರೆ ಕಾರಣ ಹೇಳುವ ತಾಳ್ಮೆ ನನಗಿಲ್ಲ.

ಹೊಸ ಪುಸ್ತಕವನ್ನು ಈ ಸಲ ನಾನೇ ತೆಗೆದುಕೊಂಡು ಹೋದೆ. ಗಾಳಿ ನಿಂತು, ಈರುಳ್ಳಿ ಕಿತ್ತು ಹರಡಿದ್ದ ದಿನಗಳು. ಅಂಗಳದ ತುಂಬ ಹೆಂಗಸರು ಗಡ್ಡೆಯಿಂದ ಸೊಪ್ಪು ಕತ್ತರಿಸುತ್ತಿದ್ದರು. ಅತ್ತೆ, ಓರಗಿತ್ತಿ ಇಬ್ಬರೂ ಇದ್ದರು. ಜಗಲಿಯ ಮೇಲೆ ಕೂತಿದ್ದ ಶಿವಣ್ಣನ ಕೈಗೆ ಪುಸ್ತಕ ಕೊಟ್ಟು ಪುಟ ತೆಗೆದು ತೋರಿಸಿದೆ. ಎಡಗೈಯಲ್ಲಿ ಹಿಡಿದು, ಕಟ್ಟು ಬಿಚ್ಚಿರದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಗಟ್ಟಿಯಾಗಿ ಓದಿದ. ಕೊನೆಯ ಸಾಲನ್ನು ಎರಡು ಸಲ ಓದಿದ. ಅಂಗಳದಲ್ಲಿ ಕುಡುಗೋಲಿನ ಸದ್ದು ನಿಂತಿತ್ತು.

"ಹೌದು ಕಣವ್ವಾ" ಎಂದ, ತಾಯಿಯ ಕಡೆ ತಿರುಗಿ. "ಇವ್ಳು ಅವತ್ತೇ ಹೇಳಿದ್ಲು. ಇಲ್ಲಿ ಹಾಕವ್ರೆ ನೋಡು. ಇವ್ಳು ಹೇಳಿದ್ದು ನಿಜ."

ನನಗೆ ಕಣ್ಣು ತುಂಬಿಬಂತು. ಎಲ್ಲ ಸರಿಹೋಯಿತು ಎಂದು ರುದ್ರಮ್ಮನ ಕಡೆ ನೋಡಿದೆ. ಅವರ ಮುಖ ಕೆಂಪಗಾಗಿತ್ತು. ಎದ್ದು ಬಂದು, ಗಂಡನ ಕೈಯಿಂದ ಪುಸ್ತಕ ಕಿತ್ತುಕೊಂಡು, ನನ್ನ ಚೀಲಕ್ಕೆ ವಾಪಸ್ ತುರುಕಿದರು.

"ನೋಡಿದ್ರಾ ಮೇಡಂ? ಇವತ್ತೂ ಇವ್ರು ನಂಬಿದ್ದು ಪುಸ್ತಕಾನೇ."